ಕುಟ್ಟಾಣಿಯಲ್ಲಿ ಹನ್ನೆರಡು ತಾಸು

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಅತಿ ಹೆಚ್ಚು ಶ್ರದ್ಧೆಯಿಂದ ಓದಿದ್ದು ಯಾವ ವಿಜ್ಞಾನದ ಗ್ರಂಥವನ್ನೂ ಅಲ್ಲ, ನಮ್ಮ ಅಡುಗೆಮನೆಯ ಬಾಗಿಲ ಪಕ್ಕ ಮೊಳೆಗೆ ತೂಗುಹಾಕಿದ್ದ ಕ್ಯಾಲೆಂಡರನ್ನು. ಅದರ ಒಂದೊಂದು ಚೌಕದ ಕೆಳಗೂ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಆ ದಿನದ ಸೂರ್ಯೋದಯ, ಸೂರ್ಯಾಸ್ತದ ಹೊತ್ತು ಅಚ್ಚಾಗಿರುತ್ತಿತ್ತು. ಹುಕ್ಕೇರಿಯ ನಮ್ಮ ಮನೆಯಲ್ಲಿ ಅವ್ವನ ಬಾಯಿ ತೆರೆಯುವುದು, ಮುಚ್ಚುವುದು ಆ ಎರಡು ಅಂಕಿಗಳ ಪ್ರಕಾರ. ಮಾತಿಗಲ್ಲ, ಮಾತಿಗೆ ಅಂಥ ನಿಯಮವೇನೂ ಇರಲಿಲ್ಲ. ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ಹಾಲಿಲ್ಲ, ಒಂದು ಗುಟುಕು ನೀರೂ ಇಲ್ಲ. ಮರುದಿನ ಸೂರ್ಯ ಹುಟ್ಟಬೇಕು. ಅಪ್ಪ ತೀರಿಕೊಂಡ ವರ್ಷ ಬಸದಿಯಲ್ಲಿ ಕೈಮುಗಿದು ನಿಂತು ಹಿಡಿದ ನೇಮ ಅದು.

ನೇಮ ಹಿಡಿಯುವಾಗ ಔಷಧಕ್ಕೆ ಬೇಕಾದರೆ ವಿನಾಯಿತಿ ಇಟ್ಟುಕೊಳ್ಳಬಹುದು. ನಮ್ಮ ಜೈನ ಮನೆತನಗಳಲ್ಲಿ ವಯಸ್ಸಾದವರು ಬಹಳ ಮಂದಿ ಹಾಗೆ ಇಟ್ಟುಕೊಳ್ಳುತ್ತಾರೆ. ಅವ್ವ ಇಟ್ಟುಕೊಂಡಿರಲಿಲ್ಲ. ಆಗ ಅವಳಿಗೆ ದಮ್ಮು ಇರಲಿಲ್ಲ. ಉಸಿರು ಕಟ್ಟುವ ಆ ಕಾಯಿಲೆ ಬಂದದ್ದು ಎರಡು ವರ್ಷ ಕಳೆದ ಮೇಲೆ.

"ಹಿಡಿಯೋ ಮುಂದ ಹೇಳಿಲ್ಲ. ಈಗ ನಡುವ ಹ್ಯಾಂಗ ಸೇರಸೂದು?" ಎನ್ನುವುದು ಅವಳ ವಾದ. ಬಾಯಿಗೆ ಹಿಡಿದು ಒತ್ತುವ ಪಂಪು ಕೊಡಿಸಿದೆವು. ಹಗಲಿಗೆ ಸರಿ, ರಾತ್ರಿ ಅದೂ ಒಲ್ಲೆ.

"ಅದು ಬರೇ ಗಾಳಿ ಅವ್ವಾ."

"ಗಾಳಿಗೆ ರುಚಿ ಇರತೈತೇನು? ನಾಲಿಗಿಗೆ ಕಹಿ ಹತ್ತತೈತಿ. ನಾಲಿಗಿಗೆ ಹತ್ತಿತು ಅಂದ್ರ ತಿಂದಂಗ ಆತು."

ದಮ್ಮಿಗೂ ಒಂದು ಟೈಂಟೇಬಲ್ ಇತ್ತು. ಹಗಲೆಲ್ಲ ಸುಮ್ಮನಿದ್ದು, ಬೆಳಗಿನ ಜಾವ ನಾಲ್ಕಕ್ಕೆ ಬರುತ್ತಿತ್ತು. ಅವ್ವ ಎದ್ದು ಕೂತು, ಎರಡೂ ಕೈಯಲ್ಲಿ ಮಂಚದ ಅಂಚು ಹಿಡಿದು, ಹೆಗಲು ಮೇಲೆತ್ತಿ ಎತ್ತಿ ಉಸಿರೆಳೆಯುತ್ತಿದ್ದಳು. ಚಳಿಗಾಲದಲ್ಲಿ ಸೂರ್ಯ ಹುಟ್ಟಲು ಏಳು ಗಂಟೆ. ಅಂದರೆ ಮೂರು ತಾಸು. ಮಗ ಅನ್ನಿಸಿಕೊಂಡವನು ಪಂಪನ್ನು ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಬಳಿ ನಿಂತು ಮೂಡಣದ ಕಡೆ ನೋಡಬೇಕು. ಸೂರ್ಯನ ಮೇಲೆ ನನಗೆ ವೈಯಕ್ತಿಕ ದ್ವೇಷ ಹುಟ್ಟಿದ್ದು ಆಗ.

ಇದರಲ್ಲಿ ತಮಾಷೆ ಏನೆಂದರೆ, ಔಷಧ ರಾತ್ರಿಯಿಡೀ ಬಾಳುವಂತೆ ಮಾಡುವುದೇ ನನ್ನ ಸಂಶೋಧನೆಯ ವಿಷಯ. ಗೋಕಾಕದ ಒಂದು ಕಾಲೇಜಿನಲ್ಲಿ ನಾನು ಔಷಧ ವಿಜ್ಞಾನದ ಉಪನ್ಯಾಸಕ. ಪಾಠದ ಜೊತೆಗೆ ಪಿಎಚ್.ಡಿ.ಯನ್ನೂ ಹಚ್ಚಿಕೊಂಡಿದ್ದೆ. ನುಂಗಿದ ಔಷಧ ಹೊಟ್ಟೆಯಲ್ಲಿ ಒಮ್ಮೆಲೇ ಬಿಡುಗಡೆಯಾಗಬಾರದು. ಪಾಲಿಮರ್ ಎಂಬ ಉದ್ದುದ್ದ ಸರಪಳಿಯ ಪದಾರ್ಥದಿಂದ ಬಲೆ ಹೆಣೆದು, ಅದರೊಳಗೆ ಔಷಧ ಕೂಡಿಹಾಕಿ, ಹನ್ನೆರಡು ತಾಸು ಸಾವಕಾಶವಾಗಿ ಹೊರಬಿಡಬೇಕು. ಕೆಲಸ ಮುಗಿದ ಮೇಲೆ ಬಲೆಯೂ ತಾನಾಗಿ ಸವೆದು, ಕರಗಿ, ಹೇಳಹೆಸರಿಲ್ಲದಂತೆ ಹೋಗಬೇಕು. ಅಂಥ ಗುಳಿಗೆ ತಯಾರಿಸುವುದು ನನ್ನ ಕೆಲಸ. ಸಂಜೆ ಐದೂವರೆಗೆ ಒಂದು ನುಂಗಿದರೆ ಬೆಳಗಿನ ಐದೂವರೆಯ ತನಕ ಕಾಯುವ ಗುಳಿಗೆ. ನನ್ನ ಗೈಡ್ ಇದನ್ನು ವಿಜ್ಞಾನದ ಪ್ರಶ್ನೆ ಎಂದು ತಿಳಿದಿದ್ದರು. ನನಗೆ ಅದು ಅವ್ವನ ಪ್ರಶ್ನೆ ಎಂದು ಅವರಿಗೆ ಹೇಳಿರಲಿಲ್ಲ. ಹೇಳಿದರೆ ಭಾವುಕ ಎಂದುಕೊಂಡಾರು ಎಂಬ ಚಿಂತೆ. ಹೇಳದಿದ್ದರೆ ಆಸಕ್ತಿಯಿಲ್ಲದವನು ಎಂದುಕೊಂಡಾರು ಎಂಬುದು ಇನ್ನೊಂದು ಚಿಂತೆ. ನಾನು ಚಿಂತೆಗಳನ್ನು ಯಾವಾಗಲೂ ಜೋಡಿಯಲ್ಲೇ ಸಾಕುವವನು.

ಮೊದಲ ತೊಡಕು, ಬಲೆಯನ್ನು ಯಾವುದರಿಂದ ಹೆಣೆಯಬೇಕು ಎಂಬುದು. ಬೆಳಗಾವಿಯಲ್ಲಿದ್ದ ಗೈಡ್ ಕೈಟೊಸಾನ್ ಎಂಬ ಪದಾರ್ಥ ಕೊಟ್ಟು ಕಳಿಸಿದರು. ಒಳ್ಳೆಯ ಪಾಲಿಮರ್, ಪತ್ರಿಕೆಗಳ ತುಂಬ ಅದರದೇ ಸುದ್ದಿ. ತಯಾರಾಗುವುದು ಸಿಗಡಿಯ ಚಿಪ್ಪಿನಿಂದ. ಈರುಳ್ಳಿ, ಬಟಾಟೆ ಸಹ ಒಳಗೆ ಬಾರದ ಮನೆಯಿಂದ ಬಂದವನು ನಾನು. ಆ ಡಬ್ಬಿಯನ್ನು ಗೋಕಾಕದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುವಾಗ ಪಕ್ಕದವರಿಗೆ ವಾಸನೆ ಬರುತ್ತಿದೆಯೇನೋ ಎಂದು ಮೂಸಿ ಮೂಸಿ ನೋಡುತ್ತಿದ್ದೆ. ಅದಕ್ಕೆ ವಾಸನೆಯೇ ಇರಲಿಲ್ಲ. ಎರಡು ತಿಂಗಳು ಅದರಲ್ಲಿ ಕೆಲಸ ಮಾಡಿದೆ. ಪ್ರತಿದಿನ ಮನೆಗೆ ಬಂದವನೇ ಬಚ್ಚಲಿಗೆ ಹೋಗಿ ಮೊಣಕೈ ತನಕ ತೊಳೆಯುತ್ತಿದ್ದೆ. ಅವ್ವ ಅದನ್ನು ನೋಡಿ ಮಗ ಶಿಸ್ತು ಕಲಿತ ಎಂದು ಸಂತೋಷಪಟ್ಟಳು.

ಆಮೇಲೆ ಸಮುದ್ರದ ಪಾಚಿಯಿಂದ ಬರುವ ಇನ್ನೊಂದು ಪಾಲಿಮರ್ ಹಿಡಿದೆ. ಇದು ಸಸ್ಯಮೂಲ, ಇದಕ್ಕೇನು ಅಡ್ಡಿ ಎಂದು ಧೈರ್ಯವಾಗಿ ಊಟದ ಹೊತ್ತಿಗೆ ಹೇಳಿಯೂ ಬಿಟ್ಟೆ.

"ಪಾಚೀನಾ?" ಎಂದಳು ಅವ್ವ. "ಒಂದ ಹನಿ ಪಾಚಿಯೊಳಗ ಎಷ್ಟು ಜೀವ ಇರತಾವ, ನಿಂಗ ಗೊತ್ತೈತೇನು? ಅದಕ್ಕಿಂತ ದಮ್ಮ ಛಲೋ."

ಅಲ್ಲಿಗೆ ಸಮುದ್ರವೂ ಮುಗಿಯಿತು. ಉಳಿದದ್ದು ನೆಲ. ನೆಲದಲ್ಲೂ ಗಡ್ಡೆ ಗೆಣಸು ನಡೆಯದು. ಕೊನೆಗೆ ಸಿಕ್ಕದ್ದು ಗೋರಿಕಾಯಿ. ನಮ್ಮ ಕಡೆ ಚವಳಿಕಾಯಿ ಅನ್ನುತ್ತೇವೆ, ಮರಾಠಿ ಮಾತಾಡುವವರು ಗವಾರಿ ಅನ್ನುತ್ತಾರೆ. ಅದರ ಬೀಜದ ಅಂಟು ಒಳ್ಳೆಯ ಪಾಲಿಮರ್. ಅವ್ವ ಬಹಳ ಹೊತ್ತು ಯೋಚಿಸಿ ಒಪ್ಪಿಗೆ ಕೊಟ್ಟಳು. ಗೈಡ್‌ಗೆ ಕಾರಣ ಬೇಕಲ್ಲ, "ಸ್ಥಳೀಯವಾಗಿ ದೊರೆಯುವ, ಸುಲಭವಾಗಿ ವಿಘಟನೆಯಾಗುವ" ಎಂದೇನೋ ಬರೆದುಕೊಟ್ಟೆ. ನನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲಿ ಪಾಲಿಮರ್ ಆಯ್ಕೆಯ ಕುರಿತು ಹನ್ನೊಂದು ಪುಟಗಳಿವೆ. ಖರೆ ಹೇಳಬೇಕೆಂದರೆ ಆಯ್ಕೆ ಮಾಡಿದ್ದು ಅವ್ವ, ಊಟದ ತಾಟಿನ ಮುಂದೆ ಕೂತು.

ಪ್ರಯೋಗಾಲಯದಲ್ಲಿ ನನಗಿದ್ದ ಒಬ್ಬನೇ ಸಹಾಯಕ ಮೂಡಲಗಿ ಪಕ್ಕದ ಮಸಗುಪ್ಪಿ ಎಂಬ ಹಳ್ಳಿಯವನು. ನನಗಿಂತ ಹತ್ತು ವರ್ಷ ಹಿರಿಯ, ಮನೆಯಲ್ಲಿ ಹೊಲ ಇದ್ದವನು, ಪಗಾರಕ್ಕಿಂತ ಮಾತಾಡಲಿಕ್ಕೇ ಕೆಲಸಕ್ಕೆ ಬರುತ್ತಿದ್ದಾನೆ ಎಂದು ನನ್ನ ಗುಮಾನಿ. ವಿಷಯ ತಿಳಿದ ಮರುದಿನವೇ ಅರ್ಧ ಚೀಲ ಚವಳಿ ಬೀಜ ತಂದು ಮೇಜಿನ ಮೇಲಿಟ್ಟ.

"ನಮ್ಮ ಹೊಲದ್ದು ಸರ್ರ. ಎಷ್ಟ ಬೇಕ ಅಷ್ಟ ಡಾಕ್ಟರೇಟ್ ಮಾಡ್ರಿ."

ಬೀಜ ಹಾಗೇ ಉಪಯೋಗಕ್ಕೆ ಬರುವುದಿಲ್ಲ, ಸಿಪ್ಪೆ ಬೇರೆ, ಅಂಟು ಬೇರೆ ಮಾಡಬೇಕು, ಶುದ್ಧ ಮಾಡಿದ ಪುಡಿ ತರಿಸಿದ್ದೇನೆ ಎಂದೆ. ಅವನು ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿದ.

"ನಮ್ಮ ಎಮ್ಮಿ ದಿನಾ ಇದನ್ನ ತಿಂತೈತಿ ಸರ್ರ. ಅದಕ್ಕ ಯಾರೂ ಡಾಕ್ಟರೇಟ್ ಕೊಟ್ಟಿಲ್ಲ."

ಅಂಟಿನ ದ್ರಾವಣವನ್ನು ಎಣ್ಣೆಯಲ್ಲಿ ಹಾಕಿ ಜೋರಾಗಿ ಕಲಕುತ್ತಾ ಸಣ್ಣ ಸಣ್ಣ ಹನಿಗಳಾಗಿಸಬೇಕು. ಆ ಹನಿಗಳು ಗಟ್ಟಿಯಾಗಲಿಕ್ಕೆ ಒಂದು ರಾಸಾಯನಿಕ ಬೆರೆಸಬೇಕು. ಎಲ್ಲ ಸರಿಯಾದರೆ ರಾಜಗಿರಿ ಕಾಳಿನಷ್ಟು ದುಂಡನೆಯ ಗುಂಡುಗಳು. ಎಲ್ಲ ಸರಿಯಾಗುವುದು ತಿಂಗಳಿಗೊಮ್ಮೆ. ಉಳಿದ ದಿನ ಬಾಲವಿದ್ದ ಗುಂಡು, ಅವಳಿ ಗುಂಡು, ಇಲ್ಲವೇ ಇಡೀ ಪಾತ್ರೆಗೆ ಒಂದೇ ಗುಂಡು.

ಗುಂಡುಗಳಾದ ಮೇಲೆ ಪರೀಕ್ಷೆ. ಆರು ಗಾಜಿನ ಪಾತ್ರೆಗಳಲ್ಲಿ ಮೈ ಬಿಸಿಯಷ್ಟೇ ಬಿಸಿಯ ನೀರು, ಅದರೊಳಗೆ ತಿರುಗುವ ಸಣ್ಣ ಹುಟ್ಟು. ಗುಂಡುಗಳನ್ನು ಹಾಕಿ, ತಾಸಿಗೊಮ್ಮೆ ಸ್ವಲ್ಪ ನೀರು ತೆಗೆದು, ಔಷಧ ಎಷ್ಟು ಹೊರಬಂದಿದೆ ಎಂದು ಅಳೆಯಬೇಕು. ಹನ್ನೆರಡು ತಾಸು ಬಿಟ್ಟೂಬಿಡದೆ. ಗೋಕಾಕದಲ್ಲಿ ಆಗ ಹನ್ನೆರಡು ತಾಸು ಬಿಟ್ಟೂಬಿಡದೆ ನಡೆಯುತ್ತಿದ್ದದ್ದು ಸೆಕೆ ಒಂದೇ. ಏಳನೆಯ ತಾಸಿಗೆ ಕರೆಂಟು ಹೋಗುತ್ತಿತ್ತು. ಹುಟ್ಟು ನಿಲ್ಲುತ್ತಿತ್ತು, ನೀರು ಆರುತ್ತಿತ್ತು. ವಿದ್ಯಾರ್ಥಿಗಳ ಕಾಟವಿಲ್ಲದ ರವಿವಾರವನ್ನೇ ಪರೀಕ್ಷೆಗೆ ಇಟ್ಟುಕೊಂಡಿದ್ದೆ. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹುಕ್ಕೇರಿ ಬಿಟ್ಟರೆ ಮನೆ ಸೇರುವುದು ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ. ವಾರದ ಏಳೂ ದಿನ ಇದೇ ಕಥೆ.

ನನ್ನ ಗುಂಡುಗಳು ಗಾಜಿನಲ್ಲಿ ಒದ್ದಾಡುತ್ತಿರುವಾಗಲೇ ಹುಕ್ಕೇರಿಯ ಡಾಕ್ಟರು ಅವ್ವನಿಗೆ ಪೇಟೆಯಲ್ಲಿ ಸಿಗುವ ಅಂಥದೇ ಗುಳಿಗೆ ಬರೆದುಕೊಟ್ಟರು. ಎರಡು ಬಣ್ಣದ ಕವಚ, ಅದರೊಳಗೆ ಬಿಳಿ ಬಿಳಿ ಸಣ್ಣ ಕಾಳುಗಳು, ಪ್ರತಿ ಕಾಳಿಗೂ ಪಾಲಿಮರಿನ ಪೊರೆ. "ಹೊತ್ತು ಮುಳುಗೂಕಿಂತ ಮೊದಲ ಒಂದ ತಗೋರಿ ಅವ್ವಾರ, ಹನ್ನೆರಡು ತಾಸು ಸಾವಕಾಶ ಬಿಡತೈತಿ" ಎಂದರು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾದದ್ದು ನಿಜ. ಆದರೂ ಅವ್ವ ನಿದ್ದೆ ಮಾಡಿಯಾಳು ಎಂದು ಸಮಾಧಾನವಾಯಿತು.

ಮಾಡಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ದಮ್ಮು ಎಂದಿನಂತೆ ಹಾಜರ್. ಅದರ ಮೇಲೆ ಹೊಸದೊಂದು ಕಾಟ ಶುರುವಾಯಿತು. ಸಂಜೆ ಗುಳಿಗೆ ತೆಗೆದುಕೊಂಡ ಸ್ವಲ್ಪ ಹೊತ್ತಿಗೆ ಅವ್ವನ ಕೈ ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ನಾನು ಮನೆಗೆ ಬರುವಷ್ಟರಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದಳು.

"ಔಷಧ ಮೈಗಿ ಹಿಡದೈತಿ," ಎನ್ನುತ್ತಿದ್ದಳು ಹೆಮ್ಮೆಯಿಂದ.

ಹೃದಯದ ಕಾಯಿಲೆಯೇ ಎಂದು ನಾನು ನಿರ್ಧರಿಸಿದೆ. ಸಂಕೇಶ್ವರಕ್ಕೆ ಕರೆದುಕೊಂಡು ಹೋಗಿ ಇಸಿಜಿ ತೆಗೆಸಿದೆ. ಹೃದಯ ಚೆನ್ನಾಗಿತ್ತು. ಅದು ನನ್ನ ಚಿಂತೆಯನ್ನು ಇನ್ನಷ್ಟು ಹೆಚ್ಚಿಸಿತು, ಯಾಕೆಂದರೆ ಈಗ ಏನೆಂದು ಚಿಂತಿಸಬೇಕೋ ಗೊತ್ತಾಗದಂತಾಯಿತು.

ಆಮೇಲೆ ನನ್ನೊಳಗಿನ ಸಂಶೋಧಕ ಎದ್ದು ಕೂತ. ಅವನು ಹಾಗೆ ಎದ್ದಾಗಲೆಲ್ಲ ಮನೆಯವರಿಗೆ ತೊಂದರೆಯೇ. ಪೇಟೆಯ ಗುಳಿಗೆ ಹನ್ನೆರಡು ತಾಸು ಬಾಳುತ್ತಿಲ್ಲ ಎಂದು ತೀರ್ಮಾನಿಸಿ, ಆರು ಗುಳಿಗೆಗಳನ್ನು ಆರು ಪಾತ್ರೆಗೆ ಹಾಕಿದೆ. ಅವತ್ತು ಕರೆಂಟೂ ಕೈಕೊಡಲಿಲ್ಲ. ತಾಸು ತಾಸಿಗೂ ಅಳೆದೆ. ಗುಳಿಗೆ ಹನ್ನೆರಡು ತಾಸು, ಹೇಳಿದ ಮಾತಿಗೆ ತಪ್ಪದೆ, ಸ್ವಲ್ಪ ಸ್ವಲ್ಪವೇ ಔಷಧ ಬಿಟ್ಟಿತು. ಆರಕ್ಕೆ ಆರೂ.

"ಗಾಜಿಗಿ ಆರಾಮ ಆತ್ರಿ ಸರ್ರ," ಎಂದ ಸಹಾಯಕ. "ಇನ್ನ ಅವ್ವಾರದ ನೋಡ್ರಿ."

ಅವ್ವನದನ್ನೂ ನೋಡಿದೆ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಅವ್ವ ಸಂಜೆ ಏನು ತಿಂದಳು, ಎಷ್ಟು ಹೊತ್ತಿಗೆ ಗುಳಿಗೆ ತೆಗೆದುಕೊಂಡಳು, ಎಷ್ಟು ಹೊತ್ತಿಗೆ ನಡುಕ, ಎಷ್ಟು ಹೊತ್ತಿಗೆ ದಮ್ಮು, ಎಲ್ಲ ಬರೆದೆ. ಮಜ್ಜಿಗೆಯ ಹುಳಿಯ ಮೇಲೆ ಗುಮಾನಿ ಬಂತು, ಮಜ್ಜಿಗೆ ಬಿಡಿಸಿದೆ. ಚಹಾದ ಮೇಲೆ ಬಂತು, ಚಹಾ ಬಿಡಿಸಿದೆ. ಚಹಾ ಬಿಟ್ಟ ಅವ್ವ ನನ್ನನ್ನು ನೋಡುತ್ತಿದ್ದ ರೀತಿಯನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ವಯಸ್ಸಾದವರ ಜಠರದ ಚಲನೆಯ ಮೇಲೆ ಬೆಳಗಾವಿಯ ಗ್ರಂಥಾಲಯದಲ್ಲಿ ಎರಡು ದಿನ ಓದಿದೆ. ಗೈಡ್‌ಗೆ ನಾಲ್ಕು ಪುಟದ ಪತ್ರ ಬರೆದೆ, ಅದರಲ್ಲಿ "ಜೀವಂತ ಶರೀರದಲ್ಲಿ ಪೊರೆಯ ಅಕಾಲಿಕ ವೈಫಲ್ಯ" ಎಂಬ ಮಾತು ಮೂರು ಸಲ ಬರುತ್ತದೆ. ಈಗಲೂ ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಒಂದು ದಿನ ಮಧ್ಯಾಹ್ನವೇ ಗೋಕಾಕದಲ್ಲಿ ಕರೆಂಟು ಹೋಯಿತು. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ನಾಳೆಯ ತನಕ ಬರುವುದಿಲ್ಲ ಎಂದರು. ಬಯ್ದುಕೊಳ್ಳುತ್ತಾ ಬಸ್ಸು ಹತ್ತಿದೆ. ಹುಕ್ಕೇರಿಯಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದೇನೆ, ಅಡುಗೆಮನೆಯಿಂದ ಕುಟ್ಟಾಣಿಯ ಸದ್ದು ಕೇಳಿಸಿತು, ಟಣ್ ಟಣ್ ಎಂದು. ಹಿತ್ತಾಳೆಯ ಸಣ್ಣ ಕುಟ್ಟಾಣಿ ಅದು. ಹಬ್ಬದ ರಜೆಯಲ್ಲಿ ಪಡಸಾಲೆಯಲ್ಲಿ ಪೇಪರು ಓದುತ್ತಾ ಕೂತಾಗಲೂ ಇದೇ ಹೊತ್ತಿಗೆ ಆ ಸದ್ದು ಕೇಳಿದ್ದೆ. ಏಲಕ್ಕಿ ಎಂದುಕೊಂಡಿದ್ದೆ. ಮನೆಯಲ್ಲಿ ಪಾಯಸವೇ ಇಲ್ಲದ ದಿನ ಏಲಕ್ಕಿ ಯಾತಕ್ಕೆ ಎಂದು ಸಂಶೋಧಕನಿಗೆ ಹೊಳೆದಿರಲಿಲ್ಲ.

ನೀರು ಕುಡಿಯಲೆಂದು ಒಳಗೆ ಹೋದೆ. ಅವ್ವ ಮಣೆಯ ಮೇಲೆ ಕೂತು ಕುಟ್ಟುತ್ತಿದ್ದಳು. ಬದಿಯಲ್ಲಿ ಎರಡು ಬಣ್ಣದ ಖಾಲಿ ಕವಚ, ಒಂದು ಅಲ್ಲಿ, ಒಂದು ಇಲ್ಲಿ ಬಿದ್ದಿತ್ತು. ನನ್ನ ಹೆಂಡತಿ ಸಣ್ಣ ಬಟ್ಟಲಲ್ಲಿ ಬೆಲ್ಲ, ತುಪ್ಪ ಕಲಸಿಕೊಂಡು ಕಾಯುತ್ತಿದ್ದಳು.

ನಾನು ಕೇಳಿದೆ, "ಏನ ಕುಟ್ಟಾಕತ್ತೀ?"

"ಕಾಣೂದಿಲ್ಲೇನು? ಗುಳಿಗಿ."

"ಅದನ್ನ ಯಾಕ ಕುಟ್ಟಾಕತ್ತೀ ಅವ್ವಾ?"

"ಮತ್ತ? ಇಡೀ ಕಾಳ ನುಂಗಿದ್ರ ಅರಗತಾವೇನು? ಹೆಂಗ ಹೋದುವು ಹಂಗ ಹೊರಗ ಬರತಾವು. ಜ್ವಾಳ ತಿಂದ ದನಾನ ನೋಡಿಲ್ಲೇನು ನೀ?"

ನಾನು ಕುಟ್ಟಾಣಿಯೊಳಗೆ ನೋಡಿದೆ. ಹನ್ನೆರಡು ತಾಸು ಅಲ್ಲಿ ನುಣ್ಣಗೆ ಹಿಟ್ಟಾಗಿ ಬಿದ್ದಿತ್ತು. ನೂರಾರು ಕಾಳುಗಳ ನೂರಾರು ಪೊರೆ, ಒಂದೂ ಉಳಿದಿರಲಿಲ್ಲ. ಇಡೀ ರಾತ್ರಿಯ ಔಷಧವನ್ನು ಅವ್ವ ಬೆಲ್ಲದಲ್ಲಿ ಕಲಸಿ ಒಮ್ಮೆಲೇ ನೆಕ್ಕುತ್ತಿದ್ದಳು. ಸಂಜೆಯ ನಡುಕ ಅದರದು. ನಾಲ್ಕು ಗಂಟೆಗೆ ಮೈಯಲ್ಲಿ ಔಷಧವೇ ಇಲ್ಲ, ದಮ್ಮು ಬಾರದೆ ಏನು ಮಾಡೀತು?

"ಎಷ್ಟು ದಿನದಿಂದ ನಡದೈತಿ ಇದು?" ಹೆಂಡತಿಯನ್ನು ಕೇಳಿದೆ.

"ತಂದ ದಿನದಿಂದ," ಎಂದಳು. "ಅವರ ಕೈ ನಡುಗಿದಾಗ ನಾನ ಕುಟ್ಟಿಕೊಡತೇನಿ."

"ನನಗ ಹೇಳಬಾರದಾ?"

"ನೀವ ಕೇಳ್ಲೇ ಇಲ್ಲಲ್ರಿ. ಏನ ತಿಂದ್ರು, ಎಷ್ಟೊತ್ತಿಗಿ ತಿಂದ್ರು ಅಂತ ಕೇಳಿದ್ರಿ. ಹ್ಯಾಂಗ ತಿಂದ್ರು ಅಂತ ಒಂದ ದಿನಾನೂ ಕೇಳಲಿಲ್ಲ."

ನೋಟ್‌ಬುಕ್ಕಿನಲ್ಲಿ ಒಂಬತ್ತು ಕಾಲಂಗಳಿದ್ದವು. ಹತ್ತನೆಯದಕ್ಕೆ ಹಾಳೆಯಲ್ಲಿ ಜಾಗವೂ ಇತ್ತು.

"ಮತ್ತ ಆ ಟೊಪ್ಪಿಗಿ ಯಾಕ ತಗೀತೀ?" ಎಂದೆ ಅವ್ವನಿಗೆ, ಖಾಲಿ ಕವಚ ತೋರಿಸಿ.

"ನೀನ ಹೇಳೀಯಲ್ಲ."

"ನಾನಾ?"

"ಕಾಲೇಜ ಕಲಿಯೋ ಮುಂದ ಹೇಳಿದ್ದಿ. ಇದು ದನದ ಎಲಬಿನಾಗಿಂದ ಮಾಡತಾರ ಅಂತ. ನಿಮ್ಮ ಅಪ್ಪ ಅವತ್ತ ಊಟಾ ಬಿಟ್ಟ ಎದ್ದಿದ್ರು."

ನೆನಪಾಯಿತು. ಹೊಸದಾಗಿ ಓದಿದ್ದನ್ನೆಲ್ಲ ಮನೆಯವರ ಮೇಲೆ ಪ್ರಯೋಗಿಸುವ ವಯಸ್ಸು ಅದು. ಜೆಲಾಟಿನ್ ಎಂದರೇನು, ಎಲ್ಲಿಂದ ಬರುತ್ತದೆ ಎಂದು ತಾಟಿನ ಮುಂದೆಯೇ ವಿವರಿಸಿದ್ದೆ. ಆ ಮಾತು ಅವ್ವನ ತಲೆಯ ಮೂಲೆಯಲ್ಲಿ ಅಷ್ಟು ವರ್ಷ ಕೂತಿದ್ದು, ಈಗ ನನ್ನ ಕಾಲಿಗೇ ಸುತ್ತಿಕೊಂಡಿತ್ತು.

ಅವತ್ತಿನ ಹಿಟ್ಟನ್ನು ನಾನು ತಿನ್ನಗೊಡಲಿಲ್ಲ. ಕಾಳುಗಳನ್ನು ಇಡಿಯಾಗಿ ನುಂಗಲು ಅವ್ವ ಒಪ್ಪಲಿಲ್ಲ. ಹೊತ್ತು ಮುಳುಗಲು ಇನ್ನು ಇಪ್ಪತ್ತು ನಿಮಿಷ. ಡಾಕ್ಟರ ಮನೆಗೆ ಓಡಿದೆ. ಅವರು ಎಲ್ಲ ಕೇಳಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಟೊಪ್ಪಿಗಿ ಬ್ಯಾಡಂದ್ರ ತಗದ ಒಗೀಲಿ, ಅದರಾಗ ಏನೂ ಇಲ್ಲ. ಕಾಳ ಅಷ್ಟ ಮೆತ್ತನ್ನ ಅನ್ನದಾಗ ಹಾಕಿ, ಅಗೀಲಾರದ ನುಂಗಲಿ. ಕುಟ್ಟಬಾರದು, ಅಷ್ಟ." ಆಮೇಲೆ ನನ್ನನ್ನು ನೋಡಿ, "ನೀವ ಇದ ವಿಷಯದಾಗ ಪಿಎಚ್.ಡಿ ಮಾಡಾಕತ್ತೀರಲ್ರಿ?" ಎಂದರು.

ಹೌದು ಎಂದೆ.

ಕವಚ ಕಿತ್ತೊಗೆಯುವುದು ತಪ್ಪಾಗಿರಲಿಲ್ಲ. ಅಂದರೆ ಅವ್ವ ಅರ್ಧ ಸರಿಯೇ ಇದ್ದಳು. ಆ ಸುದ್ದಿಯನ್ನು ಅವಳಿಗೆ ಹೇಳುವುದೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಹೇಳಿದೆ. ಅವಳು ಆ ಅರ್ಧವನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

"ಅದು ಖರೆ ಆದ್ರ ಇದೂ ಖರೆ. ಇಡೀ ಕಾಳ ಅರಗೂದಿಲ್ಲ."

"ಅರಗೂದ ಬ್ಯಾಡ ಅವ್ವಾ, ಔಷಧ ಹೊರಗ ಬಂದ್ರ ಸಾಕು. ಪೊರಿಯಾಗಿಂದ ಸ್ವಲ್ಪ ಸ್ವಲ್ಪ ಬರತೈತಿ."

"ನೀ ಕಂಡೀಯೇನು ಬಂದದ್ದ?"

"ಕಂಡೇನಿ. ಗಾಜಿನಾಗ ಅಳದೇನಿ."

"ಹಂಗಾದ್ರ ನೀ ಮಾಡಿದ್ದ ಕಾಳ ತಾ. ಚವಳಿಕಾಯಿದ್ದು. ಅದ ಕರಗತೈತಿ ಅಂತೀಯಲ್ಲ, ಅದನ್ನ ನುಂಗತೇನಿ."

"ಅದ ನುಂಗೂದಲ್ಲ. ಮನಶ್ಯಾರ ಮ್ಯಾಲ ಇನ್ನ ಪರೀಕ್ಷಾ ಆಗಿಲ್ಲ. ಗಟ್ಟಿ ಆಗಾಕ ಹಾಕಿದ ರಾಸಾಯನಿಕ ಒಳಗ ಎಷ್ಟ ಉಳದೈತಿ ನನಗ ಗೊತ್ತಿಲ್ಲ."

"ಮೂರ ವರ್ಷ ಮಾಡಿದ್ದ ಗಾಜಿಗಿ ಕುಡಸಾಕೇನು?"

ಹೆಂಡತಿ ಅಡುಗೆಮನೆಯ ಕಡೆ ತಿರುಗಿ ನಿಂತಳು. ನಗುತ್ತಿದ್ದಳು ಎಂದು ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ಮುಳುಗುವ ಹೊತ್ತು ಹತ್ತಿರವಾಗಿತ್ತು. ಕೊನೆಗೆ ಅವ್ವ ಹಿಂದಿನಿಂದ ಇದ್ದ ಸಾದಾ ಗುಳಿಗೆಯೊಂದನ್ನು ನುಂಗಿ ಬಾಯಿ ತೊಳೆದುಕೊಂಡಳು. ನಾನು ಒಂದು ಕವಚ ಬಿಚ್ಚಿ, ಕಾಳುಗಳನ್ನು ಗಾಜಿನ ಲೋಟದ ನೀರಿಗೆ ಹಾಕಿ, ಅವಳ ಮಂಚದ ಎದುರು ಗೋಡೆಯ ಮಾಡದಲ್ಲಿಟ್ಟೆ. ಬೆಳಿಗ್ಗೆ ನಿನಗೇ ಗೊತ್ತಾಗುತ್ತದೆ ಎಂದೆ. ಹೇಳುವಾಗ ನನಗೆ ಒಂದು ಮಾತು ಮರೆತುಹೋಗಿತ್ತು. ಪೇಟೆಯ ಆ ಕಾಳುಗಳ ಪೊರೆ ನನ್ನ ಅಂಟಿನಂತೆ ಕರಗುವ ಜಾತಿಯದಲ್ಲ. ಒಳಗಿನ ಔಷಧ ಸೋರಿ ಹೋದ ಮೇಲೂ ಪೊರೆ ಹಾಗೇ ಉಳಿಯುತ್ತದೆ. ಇದು ನಾನು ತರಗತಿಯಲ್ಲಿ ವರ್ಷಾವರ್ಷ ಪಾಠ ಮಾಡುವ ವಿಷಯ. ಮರೆತದ್ದು ನೆನಪಾದದ್ದು ಹಾಸಿಗೆಯಲ್ಲಿ ಮಲಗಿದ ಮೇಲೆ.

ನಾಲ್ಕಕ್ಕೆ ದಮ್ಮು ಬಂತು. ಆ ದಿನದ್ದು ಜೋರಾಗಿಯೇ ಇತ್ತು. ಅವ್ವ ಮಂಚದ ಅಂಚು ಹಿಡಿದು ಕೂತಳು. ಕತ್ತಿನ ನರಗಳು ಎದ್ದು ಕಾಣುತ್ತಿದ್ದವು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಅವಳ ಕಣ್ಣು ಮಾಡದ ಲೋಟದ ಮೇಲೆ. ಪಂಪು ತೋರಿಸಿದೆ, ಕೈಯಿಂದ ಸರಿಸಿದಳು. ಹೆಂಡತಿ ಬೆನ್ನು ತೀಡುತ್ತಾ ಕೂತಳು. ಇದನ್ನು ಎಷ್ಟೋ ಸಲ ನೋಡಿದ್ದೆ, ಆದರೆ ಅವತ್ತು ನನಗೆ ನಿಜವಾಗಿಯೂ ಭಯವಾಯಿತು. ಪಾಠ ಕಲಿಸಲು ಹೊರಟು ಒಂದು ರಾತ್ರಿಯ ಔಷಧವನ್ನು ಕಿತ್ತುಕೊಂಡವನು ನಾನೇ. ಕುಟ್ಟಿದ ಹಿಟ್ಟಾದರೂ ಇದ್ದಿದ್ದರೆ ಎಂದು ಒಂದು ಕ್ಷಣ ಅನ್ನಿಸಿತು. ಆ ಹಿಟ್ಟು ಎದೆಗೆ ಮಾಡಬಹುದಾಗಿದ್ದ ಅನಾಹುತ ನೆನಪಾಗಿ ಅದೂ ಬೇಡ ಅನ್ನಿಸಿತು. ಮುಂದಕ್ಕೂ ಹೋಗಲಾಗದೆ ಹಿಂದಕ್ಕೂ ಹೋಗಲಾಗದೆ ಕಿಟಕಿಯ ಸರಳು ಹಿಡಿದು ನಿಂತೆ.

ಸೂರ್ಯ ಹುಟ್ಟಿದ ಮೇಲೆ ಪಂಪು ಎಳೆದುಕೊಂಡಳು. ಅರ್ಧ ತಾಸಿಗೆ ಉಸಿರು ಹದಕ್ಕೆ ಬಂತು. ಮಾತು ಬಂದ ಕೂಡಲೇ ಮೊದಲು ಹೇಳಿದ್ದು, "ಆ ಲೋಟಾ ತಾ."

ತಂದುಕೊಟ್ಟೆ. ಬೆಳಕಿಗೆ ಹಿಡಿದು ನೋಡಿದಳು. ತಳದಲ್ಲಿ ಕಾಳುಗಳು ಒಂದೂ ಕದಡದೆ, ಹಾಕಿದಾಗ ಹೇಗಿದ್ದವೋ ಹಾಗೆ, ಬೆಳ್ಳಗೆ ಕೂತಿದ್ದವು.

"ನೋಡು," ಎಂದಳು. ಉಸಿರಾಡಲು ಇನ್ನೂ ಕಷ್ಟವಿತ್ತು, ಆದರೂ ದನಿಯಲ್ಲಿ ಗೆಲುವಿತ್ತು. "ಒಂದಾದ್ರೂ ಅರಗೇತೇನು? ನಾ ಹೇಳಿದ್ದ ಖರೆ ಆತಿಲ್ಲೋ?"

ಪೊರೆ ಬೇರೆ, ಔಷಧ ಬೇರೆ ಎಂದು ನಾನು ಶುರುಮಾಡಿದೆ. ರಂಧ್ರ ಎಂದೆ, ಸೋರಿಕೆ ಎಂದೆ. ತರಗತಿಯ ದನಿ ಬಂದುಬಿಟ್ಟಿತ್ತು ಎಂದು ಕಾಣುತ್ತದೆ, ಅವ್ವ ನನ್ನ ಕಡೆ ನೋಡುವುದನ್ನೇ ಬಿಟ್ಟಳು. ನಾನು ಮಾತಾಡುತ್ತಿರುವಂತೆಯೇ ಅವಳು ಲೋಟದ ನೀರಲ್ಲಿ ಕಿರುಬೆರಳಿನ ತುದಿ ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಮುಖ ಕಿವುಚಿತು. ಇನ್ನೊಮ್ಮೆ ಮುಟ್ಟಿಸಿಕೊಂಡಳು.

"ಕಹಿ ಐತಿ."

"ಹೌದವ್ವಾ, ಅದನ್ನ..."

"ಸುಮ್ನಿರು." ಹೆಂಡತಿಯ ಕಡೆ ತಿರುಗಿದಳು. "ಇದು ಚಹಾಪುಡಿ ಇದ್ದಂಗ ನೋಡವಾ. ಸೋಸಿದ ಮ್ಯಾಲ ಪುಡಿ ಹಂಗ ಉಳದಿರತೈತಿ, ಕಡಕ ಎಲ್ಲಾ ನೀರಿಗಿ ಬಂದಿರತೈತಿ. ಇಷ್ಟ ಹೇಳಾಕ ಇಂವಾ ನಿನ್ನಿಯಿಂದ ಒದರಾಕತ್ತಾನ."

ಇಷ್ಟು ವರ್ಷ ವಿದ್ಯಾರ್ಥಿಗಳಿಗೆ ಅದನ್ನು ತಿಳಿಸಲು ನಾನು ಹಲಗೆಯ ತುಂಬ ಸಮೀಕರಣ ಬರೆಯುತ್ತಿದ್ದೆ. ಮುಂದಿನ ವರ್ಷದಿಂದ ಚಹಾಪುಡಿಯನ್ನೇ ಹೇಳತೊಡಗಿದೆ, ಅವ್ವನ ಹೆಸರು ಹೇಳದೆ.

ಆ ಸಂಜೆ ನಾನು ಕಾಲೇಜಿಗೆ ರಜೆ ಹಾಕಿ ಮನೆಯಲ್ಲೇ ಇದ್ದೆ. ಐದೂಕಾಲಿಗೇ ಕ್ಯಾಲೆಂಡರಿನ ಮುಂದೆ ಹೋಗಿ ನಿಂತೆ. ಹೆಂಡತಿ ಹಾಲಲ್ಲಿ ಅನ್ನ ಮೆತ್ತಗೆ ಹಿಚುಕಿ, ಚಮಚದ ಮೇಲೆ ಕಾಳುಗಳನ್ನು ಉದುರಿಸಿದಳು. ಅವ್ವ ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ನುಂಗಿದಳು.

"ಅಗದಿಲ್ಲ ಹೌದಿಲ್ಲೋ?" ಎಂದೆ.

"ಇರೋ ನಾಕ ಹಲ್ಲಿನಾಗ ಏನ ಅಗೀಲಿ," ಎಂದಳು.

ಏಳು ಗಂಟೆಗೆ ಕೈ ನೋಡಿದೆ, ನಡುಕವಿರಲಿಲ್ಲ. ಎಂಟಕ್ಕೆ ನಾಡಿ ನೋಡಿದೆ. ಒಂಬತ್ತಕ್ಕೆ ನೋಡಲು ಹೋದಾಗ ಕೈ ಕೊಡವಿ ಆ ಕಡೆ ಮಗ್ಗುಲಾದಳು. ನಾನು ಮಲಗಿದೆ, ಅಂದರೆ ಅಡ್ಡಾದೆ. ಮೂರೂವರೆಗೆ ಎದ್ದು ಅವಳ ಕೋಣೆಯ ಹೊಸ್ತಿಲಿನಲ್ಲಿ ಕೂತೆ. ನಾಲ್ಕಾಯಿತು. ಮಂಚದ ಕಡೆಯಿಂದ ಸದ್ದಿಲ್ಲ. ನಾಲ್ಕೂಕಾಲು. ಮಂಚ ಕಿರುಗುಟ್ಟಲಿಲ್ಲ, ಕೆಮ್ಮಿಲ್ಲ, ಎದೆಯ ಸುಯ್ಲಿಲ್ಲ. ನಾಲ್ಕೂವರೆಗೆ ನನಗೆ ಬೆವರು ಬರತೊಡಗಿತು. ಇಷ್ಟು ದಿನ ದಮ್ಮು ಬಂತು ಎಂದು ಹೆದರುತ್ತಿದ್ದೆ. ಬಾರದೆ ಇದ್ದರೆ ಹೇಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಹತ್ತಿರ ಹೋಗಿ ಬಗ್ಗಿದೆ. ಕತ್ತಲಲ್ಲಿ ಹೊದಿಕೆ ಏಳುತ್ತಿದೆಯೋ ಇಲ್ಲವೋ ಕಾಣಲಿಲ್ಲ. ಮೂಗಿನ ಬಳಿ ಬೆರಳು ಹಿಡಿದೆ. ತಾಗಿದ್ದು ಕಿಟಕಿಯ ಗಾಳಿಯೋ ಅವಳ ಉಸಿರೋ ತಿಳಿಯಲಿಲ್ಲ. ಕೊನೆಗೆ ಭುಜ ಹಿಡಿದು ಅಲುಗಿಸಿದೆ.

"ಅವ್ವಾ. ಅವ್ವಾ."

ಅವ್ವ ಗಾಬರಿಯಿಂದ ಎದ್ದು ಕೂತಳು. "ಯಾಕೋ? ಏನಾತು? ಯಾರಿಗೇನಾತು?"

"ಯಾರಿಗೂ ಏನಿಲ್ಲ. ಆರಾಮ ಅದೀಯೇನ ಅಂತ ಕೇಳಾಕ..."

ಅವಳು ಒಂದು ಉಸಿರು ಒಳಗೆಳೆದುಕೊಂಡು ನೋಡಿದಳು, ನಿಧಾನವಾಗಿ ಬಿಟ್ಟಳು. ಇನ್ನೊಂದು ಎಳೆದುಕೊಂಡಳು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

"ಏನ ಮಬ್ಬ ಅದೀಯೋ ತಮ್ಮಾ," ಎಂದಳು. "ಎಷ್ಟ ತಿಂಗಳಾದ ಮ್ಯಾಲ ನಿದ್ದಿ ಹತ್ತಿತ್ತು."

ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಎಂದೂ ಗೊರಕೆ ಹೊಡೆಯದ ಅವ್ವ ಇದೇಕೆ ಹೊಡೆಯುತ್ತಿದ್ದಾಳೆ ಎಂದು ಯೋಚಿಸುತ್ತಾ ನಾನು ಹೊಸ್ತಿಲಿನಲ್ಲಿ ಕೂತೆ.